ಅಪ್ಪನ ಎಂಟು ಚಿತ್ರಗಳು

ಮನೆಯ ಹಿರಿಯರ ಫೋಟೊ ತೆಗೆಯುವಾಗ ಎಲ್ಲರೂ ಹೇಳುವ ಮಾತು ಒಂದೇ: ‘ಸ್ವಲ್ಪ ನಗಿ’. ಅಮೆರಿಕದ ಛಾಯಾಗ್ರಾಹಕ ರಿಚರ್ಡ್ ಆವೆಡಾನ್ ತನ್ನ ತಂದೆಗೆ ಹೇಳಿದ್ದು ಇದಕ್ಕೆ ತದ್ವಿರುದ್ಧ. ಕ್ಯಾಮೆರಾ ಮುಂದೆ ತಂದುಕೊಳ್ಳುವ ಆ ನಗು ನಿಮ್ಮದಲ್ಲ, ನಿಮ್ಮೊಳಗಿನ ಸಿಟ್ಟು, ತೀವ್ರತೆಯೇ ನನಗೆ ಮುಖ್ಯ ಎಂಬರ್ಥದ ಪತ್ರವನ್ನೇ ಆತ ಬರೆದಿದ್ದ.

ಈತ ‘ಹಾರ್ಪರ್ಸ್ ಬಜಾರ್’, ‘ವೋಗ್’ ಪತ್ರಿಕೆಗಳಿಗೆ ರೂಪದರ್ಶಿಯರ ಚಿತ್ರ ತೆಗೆದು ಹೆಸರಾದವನು. ಯೌವನ ಮಾರುವ ಉದ್ಯಮದ ದೊರೆ ಎನ್ನಿ. ಅಂಥವನು 1969ರಿಂದ 1973ರವರೆಗೆ ತಂದೆ ಜೇಕಬ್ ಇಸ್ರೇಲ್ ಆವೆಡಾನರ ಚಿತ್ರ ತೆಗೆಯುತ್ತ ಹೋದ. ಹಿನ್ನೆಲೆ ಬರೀ ಬಿಳಿ. ಮೊದಮೊದಲು ಕೋಟು, ಟೈ. ಕೊನೆಗೆ ಆಸ್ಪತ್ರೆಯ ಅಂಗಿ. ನಡುವೆ ಕ್ಯಾನ್ಸರ್ ಆ ಮುಖವನ್ನು ಸ್ವಲ್ಪಸ್ವಲ್ಪವೇ ಕರಗಿಸಿತ್ತು. 1973ರಲ್ಲಿ ತಂದೆ ತೀರಿಕೊಂಡರು. ಮರುವರ್ಷ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಎಂಟು ಚಿತ್ರಗಳ ಪ್ರದರ್ಶನ ನಡೆಯಿತು.

ಸಾಯುತ್ತಿರುವ ಅಪ್ಪನನ್ನು ಹೀಗೆ ನಾಲ್ಕು ಜನರ ಮುಂದಿಡುವುದು ಕ್ರೌರ್ಯವಲ್ಲವೇ? ಪ್ರಶ್ನೆ ಸಹಜ. ಆದರೆ ಮುದುಕರನ್ನು ಹಿಂದಿನ ಕೋಣೆಗೋ ವೃದ್ಧಾಶ್ರಮಕ್ಕೋ ಸರಿಸಿ, ಅವರ ನಗುಮುಖದ ಪಟವನ್ನು ಮಾತ್ರ ನಡುಮನೆಯಲ್ಲಿ ತೂಗುಹಾಕುವವರು ಅದನ್ನು ಕೇಳುವುದು ಅಷ್ಟು ಸಲೀಸಲ್ಲ. ಆವೆಡಾನ್ ಕಣ್ಣು ತಪ್ಪಿಸಲಿಲ್ಲ, ನೋಡುವವರಿಗೂ ತಪ್ಪಿಸಲು ಬಿಡಲಿಲ್ಲ.

2004ರಲ್ಲಿ, 81ನೇ ವಯಸ್ಸಿನಲ್ಲಿ, ಆತ ತೀರಿಕೊಂಡಾಗಲೂ ಪತ್ರಿಕೆಯೊಂದಕ್ಕೆ ಚಿತ್ರ ತೆಗೆಯುವ ಕೆಲಸದ ಮೇಲೆಯೇ ಟೆಕ್ಸಾಸಿಗೆ ಹೋಗಿದ್ದ.