ಸ್ನಾಯುವಿನ ಆಸೆ, ಸಕ್ಕರೆಯ ಲೆಕ್ಕ



ನಮ್ಮ ವಿಜ್ಞಾನ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಗ್ರಹಣ, ಧೂಮಕೇತು, ಹಾವಿನ ವಿಷ ಇವುಗಳ ಪ್ರಶ್ನೆಗಳೇ ಹೆಚ್ಚು. ಒಂದು ಪತ್ರ ಮಾತ್ರ ನಮ್ಮನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಬರೆದವನು ಪದವಿ ತರಗತಿಯ ಹುಡುಗ. ಹನ್ನೊಂದನೆಯ ವಯಸ್ಸಿನಿಂದ ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುವವನು. ವ್ಯಾಯಾಮಶಾಲೆಗೆ ಸೇರಿ ಆರು ತಿಂಗಳಾದರೂ ತೋಳು ತುಂಬಲಿಲ್ಲವೆಂಬ ಕೊರಗು ಅವನದು. ಅಲ್ಲಿನ ತರಬೇತುದಾರ ಒಂದು ಚುಚ್ಚುಮದ್ದು ತೋರಿಸಿ, "ಮೈಯೂ ತುಂಬುತ್ತೆ, ಶುಗರೂ ಇಳಿಯುತ್ತೆ" ಎಂದನಂತೆ. ಗೆಳೆಯನೊಬ್ಬ ಅದನ್ನು ಕೇಳಿ, "ಸ್ಟೀರಾಯ್ಡ್ ತಗೊಂಡು ನಮ್ಮ ಅಜ್ಜಿಗೆ ಶುಗರ್ ಏರಿತು" ಎಂದನಂತೆ. ಇಬ್ಬರಲ್ಲಿ ಯಾರ ಮಾತು ಸರಿ ಎಂಬುದು ಹುಡುಗನ ಪ್ರಶ್ನೆ.

ಇಬ್ಬರದೂ ಅರ್ಧ ಸರಿ. ತೊಡಕು ಇರುವುದು ಅಲ್ಲಿಯೇ.

ಸ್ಟೀರಾಯ್ಡ್ ಎಂಬುದು ಒಂದು ಔಷಧದ ಹೆಸರಲ್ಲ, ಒಂದು ಮನೆತನದ ಹೆಸರು. ಇಂಗಾಲದ ನಾಲ್ಕು ಉಂಗುರಗಳು ಒಂದಕ್ಕೊಂದು ಅಂಟಿಕೊಂಡ ಚೌಕಟ್ಟು ಈ ಅಣುಗಳ ಗುರುತು. ನಾವು ಬೈಯುವ ಕೊಲೆಸ್ಟರಾಲ್ ಕೂಡ ಇದೇ ವಂಶದ್ದು. ಅಜ್ಜಿ ತೆಗೆದುಕೊಂಡದ್ದು ಕೀಲುನೋವಿಗೋ ಉಬ್ಬಸಕ್ಕೋ ಕೊಡುವ ಪ್ರೆಡ್ನಿಸೊಲೋನ್ ಇದ್ದಿರಬೇಕು. ಅದು ಕಾರ್ಟಿಸಾಲ್ ಎಂಬ ಹಾರ್ಮೋನಿನ ಬಂಧು. ಯಕೃತ್ತಿನಿಂದ ಹೆಚ್ಚು ಗ್ಲೂಕೋಸ್ ಹೊರಡಿಸುತ್ತದೆ, ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. 2021ರ ಕೋವಿಡ್ ಅಲೆಯಲ್ಲಿ ಇದೇ ಗುಂಪಿನ ಡೆಕ್ಸಾಮೆಥಸೋನ್ ಅನೇಕರ ಜೀವ ಉಳಿಸಿತು. ಆದರೆ ಅದರ ಅತಿಬಳಕೆಯೂ ಏರಿದ ಸಕ್ಕರೆಯೂ ಸೇರಿ ಕಪ್ಪು ಶಿಲೀಂಧ್ರ ರೋಗಕ್ಕೆ ದಾರಿ ಮಾಡಿದ್ದನ್ನು ನೀವು ಕೇಳಿದ್ದೀರಿ.

ತರಬೇತುದಾರನ ಕೈಯಲ್ಲಿದ್ದದ್ದು ಮನೆತನದ ಇನ್ನೊಂದು ಕವಲು, ಅನಬಾಲಿಕ್ ಸ್ಟೀರಾಯ್ಡ್. ಇದರ ಮೂಲ ಪುರುಷ ಹಾರ್ಮೋನಾದ ಟೆಸ್ಟೊಸ್ಟೆರೋನ್. 1935ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ಬುಟೆನಾಂಟ್ ಮತ್ತು ರುಜಿಚ್ಕಾ ಅವರಿಗೆ 1939ರ ರಸಾಯನಶಾಸ್ತ್ರದ ನೊಬೆಲ್ ಬಂತು. ನ್ಯಾಂಡ್ರೊಲೋನ್, ಸ್ಟ್ಯಾನೊಜೊಲಾಲ್ ಮುಂತಾದವು ಅದರ ಕೃತಕ ರೂಪಗಳು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ನೂರು ಮೀಟರನ್ನು 9.79 ಸೆಕೆಂಡುಗಳಲ್ಲಿ ಓಡಿದ ಬೆನ್ ಜಾನ್ಸನ್ ಚಿನ್ನ ಕಳೆದುಕೊಂಡದ್ದು ಈ ಸ್ಟ್ಯಾನೊಜೊಲಾಲ್‌ನಿಂದಲೇ.

ಇದಕ್ಕೂ ಸಕ್ಕರೆಗೂ ಏನು ಸಂಬಂಧ? ಊಟದ ನಂತರ ರಕ್ತಕ್ಕೆ ಬರುವ ಗ್ಲೂಕೋಸಿಗೆ ನಮ್ಮ ಸ್ನಾಯುಗಳೇ ಬಹುದೊಡ್ಡ ಕಣಜ. ಟೆಸ್ಟೊಸ್ಟೆರೋನ್ ಕೊರತೆಯಿರುವ ಪುರುಷರಿಗೆ ವೈದ್ಯರು ಅಳತೆಯಿಂದ ಅದನ್ನು ಕೊಟ್ಟಾಗ ಕೆಲವರಲ್ಲಿ ಸ್ನಾಯು ಹೆಚ್ಚಿ, ಕೊಬ್ಬು ತಗ್ಗಿ, ಇನ್ಸುಲಿನ್ ಹೆಚ್ಚು ಚುರುಕಾಗಿ ಕೆಲಸ ಮಾಡುತ್ತದೆ. ಮಧುಮೇಹಿಗಳಲ್ಲಿ ರಕ್ತದ ಸಕ್ಕರೆ ಇಳಿಯಬಹುದು, ಇನ್ಸುಲಿನ್ ಪ್ರಮಾಣ ತಗ್ಗಿಸಬೇಕಾಗಬಹುದು ಎಂಬ ಎಚ್ಚರಿಕೆ ಔಷಧದ ಜೊತೆಗಿನ ಚೀಟಿಯಲ್ಲಿಯೇ ಇರುತ್ತದೆ. ತರಬೇತುದಾರ ವರವೆಂದು ಹೇಳಿದ್ದು ಈ ಎಚ್ಚರಿಕೆಯನ್ನೇ!

ಆದರೆ ವ್ಯಾಯಾಮಶಾಲೆಯ ಪ್ರಮಾಣ ಬೇರೆ. ಅಲ್ಲಿ ವೈದ್ಯರ ಅಳತೆಯ ಹಲವು ಪಟ್ಟು ಚುಚ್ಚುತ್ತಾರೆ, ಎರಡು ಮೂರು ಬಗೆ ಬೆರೆಸುತ್ತಾರೆ. 1987ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅನಬಾಲಿಕ್ ಸ್ಟೀರಾಯ್ಡ್ ನುಂಗುತ್ತಿದ್ದ ಭಾರ ಎತ್ತುವ ಪಟುಗಳನ್ನು ಪರೀಕ್ಷಿಸಿತು. ಅಷ್ಟು ಸ್ನಾಯು ಇದ್ದರೂ ಅವರ ದೇಹ ಇನ್ಸುಲಿನ್ನಿಗೆ ಸರಿಯಾಗಿ ಓಗೊಡುತ್ತಿರಲಿಲ್ಲ, ಗ್ಲೂಕೋಸನ್ನು ಅರಗಿಸಿಕೊಳ್ಳುವ ಶಕ್ತಿ ಕುಗ್ಗಿತ್ತು. 2017ರ ಡೆನ್ಮಾರ್ಕಿನ ಅಧ್ಯಯನದಲ್ಲಿ ಸ್ಟೀರಾಯ್ಡ್ ಬಿಟ್ಟವರಲ್ಲಿಯೂ ಈ ಕುಂದು ಕಂಡಿತು.

ಹಾಗಾದರೆ ಏರುತ್ತದೆಯೋ ಇಳಿಯುತ್ತದೆಯೋ? ಯಾವ ಔಷಧ, ಎಷ್ಟು, ಯಾರ ದೇಹ ಎಂಬುದನ್ನು ಅವಲಂಬಿಸಿ ಎರಡೂ ಆಗಬಹುದು. ಇನ್ಸುಲಿನ್ ಚುಚ್ಚಿಕೊಳ್ಳುವವನಿಗೆ ಇದೇ ಗಂಡಾಂತರ. ಅವನು ಬೆಳಗಿನ ಇಡ್ಲಿಗೆ ಇಷ್ಟು, ರಾತ್ರಿಯ ಅನ್ನಕ್ಕೆ ಇಷ್ಟು ಎಂದು ತಕ್ಕಡಿ ತೂಗುತ್ತಾ ಬದುಕುವವನು. ಯಾರೋ ಕದ್ದು ತೂಕದ ಬಟ್ಟನ್ನು ಬದಲಾಯಿಸಿದರೆ? ಸಕ್ಕರೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಬೆವರು, ನಡುಕ, ತಲೆ ಮಂಕು. ನಿದ್ದೆಯಲ್ಲಿ ತೀರಾ ಇಳಿದರೆ ಪ್ರಜ್ಞೆಯೇ ತಪ್ಪಬಹುದು. ಹುಡುಗ ಗುಟ್ಟು ಮಾಡಿದ್ದರೆ ವೈದ್ಯರಿಗೂ ಕಾರಣ ಹೊಳೆಯುವುದಿಲ್ಲ.

ಇದಲ್ಲದೆ, ಹೃದಯವನ್ನು ಕಾಯುವ ಒಳ್ಳೆಯ ಕೊಲೆಸ್ಟರಾಲ್ ಇಳಿಯುತ್ತದೆ, ಕೆಟ್ಟದ್ದು ಏರುತ್ತದೆ. ಮಧುಮೇಹಿಯ ಹೃದಯಕ್ಕೆ ಮೊದಲೇ ಅಪಾಯ ಹೆಚ್ಚು. ಹೊರಗಿನಿಂದ ಹಾರ್ಮೋನು ಬಂದಾಗ ದೇಹ ತನ್ನದನ್ನು ತಯಾರಿಸುವುದನ್ನು ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ. ಬೆಳೆಯುವ ವಯಸ್ಸಿನವರಲ್ಲಿ ಮೂಳೆಯ ತುದಿಗಳು ಬೇಗ ಮುಚ್ಚಿ ಎತ್ತರ ನಿಂತುಹೋಗಬಹುದು.

ಇಲ್ಲಿ ನಮ್ಮ ವೃತ್ತಿಯ ಒಂದು ಗುಟ್ಟು ಹೇಳಬೇಕು. ದೀಪವನ್ನು ಪಕ್ಕದಿಂದ ಹಾಕಿ, ಮೈಗೆ ಎಣ್ಣೆ ಸವರಿ, ಕ್ಯಾಮೆರಾವನ್ನು ಸ್ವಲ್ಪ ಕೆಳಗಿಟ್ಟರೆ ಸಾಧಾರಣ ತೋಳೂ ಬಂಡೆಯಂತೆ ಕಾಣುತ್ತದೆ. ನಾನೇ ಹಾಗೆ ಚಿತ್ರೀಕರಿಸಿದ್ದೇನೆ. ಆ ಹುಡುಗ ಕನ್ನಡಿಯಲ್ಲಿ ಹುಡುಕುತ್ತಿದ್ದ ತೋಳು ನಮ್ಮ ಸ್ಟುಡಿಯೋದಲ್ಲಿ ಹುಟ್ಟಿದ್ದೂ ಇರಬಹುದು.

ಪತ್ರದ ಕೊನೆಯಲ್ಲಿ ಮತ್ತೊಂದು ಸಾಲಿತ್ತು: ಅಲ್ಲಿಯ ಇಬ್ಬರು ಅವನ ಬಳಿ ಉಳಿದ ಇನ್ಸುಲಿನ್ ಬಾಟಲಿಗಳನ್ನು ಕೇಳುತ್ತಿದ್ದಾರೆ, ಕೊಡಬಹುದೇ? ಖಂಡಿತ ಕೂಡದು. ಸ್ನಾಯು ಬೆಳೆಸಲು ಇನ್ಸುಲಿನ್ ಚುಚ್ಚಿಕೊಳ್ಳುವ ಹುಚ್ಚು ಹೊಸದಲ್ಲ. 1998ರಲ್ಲಿಯೇ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಅದನ್ನು ನಿಷೇಧಿಸಿತು. ಮಧುಮೇಹವಿಲ್ಲದವನಿಗೆ ಅದು ಕೆಲವೇ ಗಂಟೆಗಳಲ್ಲಿ ಪ್ರಾಣಾಂತಿಕವಾಗಬಲ್ಲದು. ಚಿಕಿತ್ಸೆಗಾಗಿ ಬೇಕಾದ ಕ್ರೀಡಾಪಟುಗಳು ಅನುಮತಿ ಪಡೆದು ಬಳಸಬಹುದು. ಅಮೆರಿಕದ ಈಜುಗಾರ ಗ್ಯಾರಿ ಹಾಲ್‌ಗೆ 1999ರಲ್ಲಿ ಟೈಪ್ ಒಂದು ಮಧುಮೇಹವೆಂದು ತಿಳಿಯಿತು. ಮರುವರ್ಷ ಸಿಡ್ನಿಯಲ್ಲಿ ಐವತ್ತು ಮೀಟರಿನಲ್ಲಿ ಚಿನ್ನ, 2004ರಲ್ಲಿ ಅಥೆನ್ಸ್‌ನಲ್ಲಿ ಮತ್ತೆ ಚಿನ್ನ. ನಮ್ಮ ಬ್ಯಾಟುಗಾರರನ್ನು ಕಾಡಿದ ವಾಸಿಂ ಅಕ್ರಂ ಕೂಡ 1997ರಿಂದ ಮಧುಮೇಹಿ.

ದುಡಿಯುವ ಸ್ನಾಯು ಇನ್ಸುಲಿನ್ ಇಲ್ಲದೆಯೂ ರಕ್ತದಿಂದ ಗ್ಲೂಕೋಸ್ ಎಳೆದುಕೊಳ್ಳಬಲ್ಲದು. ಹಾಗಾಗಿ ಇನ್ಸುಲಿನ್ ತೆಗೆದುಕೊಳ್ಳುವವರು ವ್ಯಾಯಾಮಕ್ಕೆ ಮುಂಚೆ ಸಕ್ಕರೆ ನೋಡಿಕೊಳ್ಳಬೇಕು. 90ಕ್ಕಿಂತ ಕಡಿಮೆ ಇದ್ದರೆ ಒಂದು ಬಾಳೆಹಣ್ಣಾದರೂ ತಿಂದು ಶುರು ಮಾಡುವುದು ಲೇಸು. ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲಿ.

ಹುಡುಗನಿಗೆ ಇಷ್ಟನ್ನೂ ಅಂಚೆಯಲ್ಲಿ ಬರೆದೆವು. ತಿಂಗಳ ನಂತರ ಒಂದು ಕಾರ್ಡು ಬಂತು. ನಮ್ಮ ಉತ್ತರ ತಲುಪುವ ಮೊದಲೇ ಎರಡು ಸಲ ಚುಚ್ಚಿಸಿಕೊಂಡಿದ್ದನಂತೆ. ಹೆದರುತ್ತಲೇ ವೈದ್ಯರಿಗೆ ಹೇಳಿದನಂತೆ. ಅವರು ಬೈಯಲಿಲ್ಲ. ಎರಡು ವಾರ ನಡುರಾತ್ರಿಯಲ್ಲೂ ಎದ್ದು ಸಕ್ಕರೆ ನೋಡಿ ಬರೆದಿಡಲು ಹೇಳಿದರು. ಅಲಾರಾಂ ಇಡುವ ಕೆಲಸ ಅವನ ತಾಯಿಯದು.