ಅಕ್ಷರದ ಮುಖ ನೋಡಿ ಮಣೆ



ನಾನು ಪಂಡಿತನಲ್ಲ. ಪಿಯುಸಿ ಮುಗಿಸಿ ಅಪ್ಪನ ಅಚ್ಚುಕೂಟಕ್ಕೆ ಕಾಲಿಟ್ಟವನು. ಇರಾನಿನ ಫಾರ್ಸಿ ಭಾಷೆಯ ಒಂದಕ್ಷರವೂ ನನಗೆ ಓದಲು ಬರುವುದಿಲ್ಲ. ಆದರೂ ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ, ನಗಬೇಡಿ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಓದುತ್ತಿದ್ದ ಒಬ್ಬ ಇರಾನಿ ಹುಡುಗ ನಮ್ಮಲ್ಲಿಗೆ ಬಂದ. ತನ್ನ ದೇಶದವರ ಸಭೆಯಲ್ಲಿ ಮಾತಾಡಬೇಕಿತ್ತು. ಪರದೆಯ ಮೇಲೆ ತೋರಿಸುವ ಸ್ಲೈಡುಗಳನ್ನೇ ಹಂಚಲು 80 ಪ್ರತಿ ಬೇಕೆಂದ. ಅವನ ಫಾಂಟು ನನ್ನ ಕಂಪ್ಯೂಟರಿನಲ್ಲಿರಲಿಲ್ಲ. ಲಿಪಿ ಒಂದೇ ತಾನೇ ಅಂತ ಇದ್ದ ಅರಬ್ಬಿ ಫಾಂಟು ಹಾಕಿ ಹೊಡೆದುಬಿಟ್ಟೆ. ಹುಡುಗ ಹಾಳೆ ತೆಗೆದುಕೊಂಡು ಓದಲೇ ಇಲ್ಲ. ನೋಡಿದ, ಅಷ್ಟೇ. ಮುಖ ಬಾಡಿತು. "ಸಾರ್, ಇದನ್ನು ಯಾರೋ ಹೊರಗಿನವರು ಬರೆದ ಹಾಗಿದೆ" ಅಂದ.

ಯಾಕೆ ಗೊತ್ತೇ? ಫಾರ್ಸಿಯವರು ಲಿಪಿಯನ್ನು ಅರಬ್ಬಿಯಿಂದ ಪಡೆದರೂ ತಮ್ಮ ನಾಲಿಗೆಗೆ ಬೇಕಾದ ನಾಲ್ಕು ಅಕ್ಷರ ಸೇರಿಸಿಕೊಂಡರು. ಪೆ, ಚೆ, ಝೆ, ಗಾಫ್. ನಾನು ಹಾಕಿದ ಫಾಂಟಿನಲ್ಲಿ ಇವು ಇರಲಿಲ್ಲ. ಕಂಪ್ಯೂಟರು ಬೇರೆ ಫಾಂಟಿನಿಂದ ಎರವಲು ತಂದು ತುರುಕಿತ್ತು. ಕೈಕೈ ಹಿಡಿದು ಸಾಗುವ ಲಿಪಿ ಅದು. ನಡುವೆ ಕೈ ಬಿಟ್ಟುಹೋಗಿತ್ತು. 4, 5, 6ರ ಅಂಕಿಗಳೂ ಅರಬ್ಬಿಯವೇ, ಫಾರ್ಸಿಯಲ್ಲಿ ಅವುಗಳ ರೂಪವೇ ಬೇರೆ. ಅಂಗಡಿ ಬೋರ್ಡಿನಲ್ಲಿ ಒತ್ತಕ್ಷರ ಪಕ್ಕಕ್ಕೆ ಜಾರಿ ಕೂತಿದ್ದರೆ ನಿಮಗೆ ಹೇಗಾಗುತ್ತದೆ? ಆ ಹುಡುಗನಿಗೂ ಹಾಗೇ ಆಯಿತು.

ಅವನನ್ನು ಕೂರಿಸಿ ಚಹಾ ಕೊಟ್ಟೆ, ಅವನು ಪಾಠ ಹೇಳಿದ. ನಸ್ತಾಲೀಖ್ ಅಂತ ಒಂದು ಬರವಣಿಗೆ, ಬಲದಿಂದ ಎಡಕ್ಕೆ ಓರೆಯಾಗಿ ಇಳಿಯುತ್ತದೆ. ಕವಿತೆಗೆ, ಮದುವೆ ಕಾಗದಕ್ಕೆ ಬಹಳ ಚೆಂದ. ಲೆಕ್ಕಪತ್ರದ ಸ್ಲೈಡಿಗೆ ಹಾಕಿದರೆ ನೋಡುವವರು ಶಾಯರಿಗೆ ಕಾಯುತ್ತಾರೆ! ಬಿ ನಾಜನೀನ್ ಎಂಬ ಫಾಂಟು ಕಂಡರೆ ಕಚೇರಿ ಕಾಗದ, ಕಾಲೇಜಿನ ಪ್ರಬಂಧ ನೆನಪಾಗುತ್ತದಂತೆ. ಬಿ ತೀತ್ರ್ ದಪ್ಪಗೆ, ಪತ್ರಿಕೆಯ ತಲೆಬರಹದ ಹಾಗೆ. ಇಡೀ ಸ್ಲೈಡಿಗೆ ಅದನ್ನೇ ಬಳಿದರೆ ಕೂಗಾಡಿದಂತೆ.

ಇನ್ನು ಚುಕ್ಕೆ. ನನ್ನ ಕಸುಬಿನವರಿಗೆ ಇದೇ ದೊಡ್ಡ ಸಂಗತಿ. ಅದೇ ಗೆರೆಗೆ ಕೆಳಗೆ ಒಂದು ಚುಕ್ಕೆ ಇಟ್ಟರೆ ಬಾರ್, ಅಂದರೆ ಹೊರೆ. ಕೆಳಗೆ ಎರಡಿಟ್ಟರೆ ಯಾರ್, ಗೆಳೆಯ. ಎರಡನ್ನೂ ಮೇಲಕ್ಕೆ ಏರಿಸಿದರೆ ತಾರ್, ತಂತಿ. ತೆಳು ಫಾಂಟು, ಮಂಕು ಪ್ರೊಜೆಕ್ಟರು ಸೇರಿದರೆ ಹಿಂದಿನ ಸಾಲಿನವನಿಗೆ ಗೆಳೆಯ ಯಾರು, ಹೊರೆ ಯಾವುದು?

ಕೊನೆಗೆ ವಜೀರ್‌ಮತ್ನ್ ಇಳಿಸಿಕೊಂಡೆವು. ಸಾಬೆರ್ ರಾಸ್ತಿಕೆರ್ದಾರ್ ಎಂಬ ಇರಾನಿ ರೂಪಿಸಿ ಉಚಿತವಾಗಿ ಹಂಚಿದ ಫಾಂಟು ಅದು. ಗೆರೆ ಸರಳ, ಚುಕ್ಕೆ ಸ್ಪಷ್ಟ, ನಾಲ್ಕೂ ಅಕ್ಷರ ಮನೆಯವೇ. ಹುಡುಗ ಹಾಳೆ ಹಿಡಿದ. ಈ ಸಲ ಓದಲು ಶುರು ಮಾಡಿದ.

ಎರಡನೇ ಸಲದ ಕಾಗದದ ಖರ್ಚು ನನ್ನದೇ. ಹಳೆಯ 80 ಪ್ರತಿ ಇನ್ನೂ ಇವೆ. ಡಿಟಿಪಿ ಕಲಿಯಲು ಬರುವ ಹುಡುಗರ ಕೈಗೆ ಮೊದಲು ಅದನ್ನೇ ಕೊಡುತ್ತೇನೆ.