ಆಲಿಕಲ್ಲು ಬಿದ್ದ ಮೇಲೆ

2023ರ ಮೇ 21, ಭಾನುವಾರ. ಬೆಂಗಳೂರಿನ ನಡುಭಾಗದ ಮೇಲೆ ಗಾಳಿ, ಮಳೆ, ಆಲಿಕಲ್ಲು ಒಟ್ಟಿಗೇ ಎರಗಿದವು. ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ತುಂಬಿದ ನೀರು ಒಬ್ಬ ಯುವತಿಯ ಜೀವವನ್ನೇ ತೆಗೆದುಕೊಂಡಿತು. ಆ ದುಃಖದ ಮುಂದೆ ಕುಂಡದ ಗಿಡಗಳ ಮಾತು ಸಣ್ಣದು. ಆದರೂ ಮೆಜೆಸ್ಟಿಕ್ ಸುತ್ತಿನ ಇಕ್ಕಟ್ಟು ತಾರಸಿಗಳಲ್ಲಿ ಬಸಳೆ, ದೊಡ್ಡಪತ್ರೆ ಬೆಳೆಸುವವರಿಗೆ ಹರಿದ ಎಲೆಯ ಸಂಕಟ ಗೊತ್ತು.

ಬೇಸಿಗೆಯ ಬಿಸಿಗಾಳಿ ಮೋಡದೊಳಗೆ ಹನಿಗಳನ್ನು ಮೇಲಕ್ಕೆ ಎತ್ತೆತ್ತಿ ಹೆಪ್ಪುಗಟ್ಟಿಸುತ್ತದೆ. ಭಾರ ಹೊರಲಾರದಾದಾಗ ಕೈಬಿಡುತ್ತದೆ; ಅದೇ ಆಲಿಕಲ್ಲು. ಅದರ ಹೊಡೆತಕ್ಕೆ ನಜ್ಜುಗುಜ್ಜಾದ ಗಿಡವನ್ನು ಆ ಸಂಜೆಯೇ ಕಿತ್ತೆಸೆಯಬೇಡಿ, ದಯವಿಟ್ಟು. ಬೇರು ಗಟ್ಟಿಯಿದ್ದರೆ ಬಸಳೆ ಗೆಣ್ಣಿನಿಂದಲೇ ಚಿಗುರುತ್ತದೆ. ಅರೆಹರಿದ ಎಲೆಗಳಿರಲಿ, ಅವೂ ಬಿಸಿಲಿನಲ್ಲಿ ಗಿಡಕ್ಕೆ ಆಹಾರ ಮಾಡಿಕೊಡುತ್ತವೆ. ಮುರಿದ ಟೊಂಗೆಯನ್ನು ಮಾತ್ರ ಒಣಹವೆ ನೋಡಿ ಚೂಪಾದ ಕತ್ತರಿಯಿಂದ ಸವರಿ. ಗಾಯದಿಂದ ರೋಗ ಸುಲಭವಾಗಿ ನುಗ್ಗುತ್ತದೆ. ಅದಕ್ಕೂ ಮೊದಲು, ಕುಂಡದಲ್ಲಿ ನಿಂತ ನೀರನ್ನು ಬಸಿದುಬಿಡಿ.